ಆಟದ ಬಯಲೂ ಪಾಠಶಾಲೆಯೇ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳನ್ನೊಳಗೊಂಡ ನಮ್ಮ ಶೈಕ್ಷಣಿಕ ಜಿಲ್ಲೆಯಲ್ಲಿ, ಕೊಠಡಿಗೆ ಇಳಿಜಾರು ಹಾದಿ ಕಟ್ಟಿಸಿದೊಡನೆ ವಿಕಲಚೇತನ ಮಗುವಿಗೆ ಶಾಲೆಯ ಬಾಗಿಲು ತೆರೆಯಿತೆಂದು ತೃಪ್ತರಾಗುವವರುಂಟು. ಆಟದ ಗಂಟೆಯಾದಾಗಲೋ, ಆ ಮಗುವಿನ ಪಾಲಿಗೆ ಗೆಳೆಯರ ಚೀಲ ಕಾಯುವ ಕೆಲಸ! ಇದನ್ನು ವಿನಾಯಿತಿಯೆನ್ನುವರು, ನನ್ನ ದೃಷ್ಟಿಯಲ್ಲಿ ಇದು ಬಹಿಷ್ಕಾರವೇ ಸರಿ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಕಲಿಕೆಯೊಡನೆ ಕ್ರೀಡಾವಿನೋದಗಳಲ್ಲಿಯೂ ಸಮಾನ ಅವಕಾಶವನ್ನು ವಿಧಿಸಿದೆ.

ನಮ್ಮ ಸೀಮೆಯ ನೆಲವೋ ಗರಸು, ಕಲ್ಲು, ಜಾಲಿಮುಳ್ಳು. ಗಾಲಿಕುರ್ಚಿ ಸಾಗುವಂತೆ ಗಟ್ಟಿಸಿದ ಸಮತಟ್ಟು ಹಾದಿ, ಹನ್ನೆರಡು ಅಡಿಗೆ ಒಂದಡಿಗಿಂತ ಹೆಚ್ಚು ಏರದ ಇಳಿಜಾರು, ನೆರಳಿಗೆ ನಾಲ್ಕು ಹೊಂಗೆ: ಇವು ಮೊದಲು ಬೇಕು. ಉಯ್ಯಾಲೆಗೆ ಬೆನ್ನಾಸರೆಯಿರಲಿ. ದೇವಾಲಯಗಳ ಜಗುಲಿಗಲ್ಲಿನಲ್ಲಿ ಹಿರಿಯರು ಕೊರೆದ ಅಳಗುಳಿಯ ಗುಣಿಗಳನ್ನು ಅನೇಕರು ಕಂಡಿರಬಹುದು. ಅಂತಹ ಹಾಸುಗಲ್ಲೊಂದನ್ನು, ಕೆಳಗೆ ಮೊಣಕಾಲು ಹೋಗುವಷ್ಟು ತೆರವು ಬಿಟ್ಟು, ಮೇಜಿನೆತ್ತರದಲ್ಲಿ ನಿಲ್ಲಿಸಿದರೆ ಸಾಕು. ನಡೆಯಲಾರದವನೂ, ಬೀಜಗಳನ್ನು ಬೆರಳಿನಿಂದಲೇ ಎಣಿಸುವ ಅಂಧ ಬಾಲಿಕೆಯೂ ಓಟದ ಹುಡುಗನನ್ನು ಸೋಲಿಸಬಲ್ಲರು. ಏಕಶಿಲೆಯ ಬೆಟ್ಟದ ನಾಡಿನಲ್ಲಿ ಕಲ್ಲಿಗೆ ಬರವೆಲ್ಲಿ!

ಬೆಂಗಳೂರಿನ ಕೋಲ್ಸ್ ಪಾರ್ಕಿನಲ್ಲಿ ಕಿಲಿಕಿಲಿ ಸಂಸ್ಥೆಯವರು ಇಂತಹ ತಾಣವನ್ನು ರೂಪಿಸಿದರು. ಅದು ಸ್ತುತ್ಯವೇ, ಆದರೆ ನಗರದ ನಕಲು ನಮಗೆ ಬೇಡ. ಸಹೃದಯ ದಾನಿಗಳು ಹೆಸರು ಕೆತ್ತಿಸುವ ಕಮಾನಿನ ಬದಲು ಈ ಹಾದಿಯನ್ನು ಮಾಡಿಸಿಕೊಡಲಿ. ಅದು ಎತ್ತ ಸಾಗಬೇಕೆಂಬುದನ್ನು ನಕ್ಷೆಗಾರರಿಗಿಂತ ಮೊದಲು ಆ ಮಕ್ಕಳನ್ನೇ ಕೇಳುವುದು ಲೇಸು.