2022ರ ಹಾಡುಗಳು: ನಮಗೆ ಮೆಚ್ಚಿದ್ದು, ನಮಗೆ ಬೇಸರ ತಂದದ್ದು



ವರ್ಷದ ಕೊನೆಗೆ ಸಂಘದ ಕಾರ್ಯಕ್ರಮಗಳ ವರದಿ ಬರೆಯುವುದು ನಮ್ಮ ವಾಡಿಕೆ. ಈ ಸಲ ಅದರ ಜೊತೆಗೆ ಇನ್ನೊಂದು ಲೆಕ್ಕವನ್ನೂ ಇಡೋಣ ಅನಿಸಿತು. 2022ರಲ್ಲಿ ಕೊಯಮತ್ತೂರು, ತಿರುಪ್ಪೂರು, ಉಡುಮಲೈ ಕಡೆಯ ನಮ್ಮ ಮನೆಗಳಲ್ಲಿ ಯಾವ ಕನ್ನಡ ಹಾಡು ಕೇಳಿಸಿತು? ಯಾವುದು ಉಳಿಯಿತು? ಯಾವುದರ ಮೇಲೆ ಆಸೆ ಇಟ್ಟು ನಿರಾಸೆಪಟ್ಟೆವು?

ಇದು ಬರೀ ಅಭಿಮಾನಿಗಳ ಹರಟೆ ಅಲ್ಲ. ರಾಜ್ಯೋತ್ಸವದ ತಾಲೀಮಿನಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ‘ಗಗನ ನೀ’ ಹಾಡನ್ನು ತಮಿಳು ಲಿಪಿಯಲ್ಲಿ ಬರೆದುಕೊಂಡು ಬಂದಿದ್ದಳು. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಪದದ ಮೊದಲಲ್ಲಿ ಬಂದರೆ ಕ, ನಡುವೆ ಬಂದರೆ ಗ. ಹಾಗಾಗಿ ‘ಗಗನ’ ಅವಳ ಬಾಯಲ್ಲಿ ‘ಕಗನ’ ಆಗಿತ್ತು. ಮನೆಯಲ್ಲಿ ಅವಳು ಆಡುವುದು ಕನ್ನಡವೇ, ಆದರೆ ಆ ಕನ್ನಡಕ್ಕೆ ಅಕ್ಷರ ಇಲ್ಲ. ಅಮ್ಮ ತಿದ್ದಿದರು, ಅವಳೂ ನಕ್ಕಳು. ನಾವೂ ನಕ್ಕೆವು. ಮನೆಗೆ ಹೋಗುವ ದಾರಿಯಲ್ಲಿ ಮಾತ್ರ ನಗು ಬರಲಿಲ್ಲ.

ನಮ್ಮ ಜಿಲ್ಲೆಗಳ ಕನ್ನಡ ಒಂದೇ ಬಗೆಯದಲ್ಲ. ತಲೆಮಾರುಗಳಿಂದ ಇಲ್ಲೇ ನೆಲೆಸಿರುವ ದೇವಾಂಗ ನೇಕಾರ ಮನೆಗಳ ಕನ್ನಡ ಒಂದು. ಬ್ಯಾಂಕು, ಮಿಲ್ಲು, ಕಾಲೇಜಿನ ಕೆಲಸಕ್ಕೆ ಮೈಸೂರು, ಬೆಂಗಳೂರಿನಿಂದ ಬಂದವರದು ಇನ್ನೊಂದು. ಹೋಟೆಲ್ ನಡೆಸಲು ಕರಾವಳಿಯಿಂದ ಬಂದವರದು ಮತ್ತೊಂದು. ಶಾಲೆಯಲ್ಲಿ ಇವು ಯಾವುವೂ ಇಲ್ಲ. ಮೂರೂ ಬಗೆಯ ಮನೆಗಳ ಮಕ್ಕಳು ತಾವಾಗಿ ಹುಡುಕಿಕೊಂಡು ಹೋಗುವ ಕನ್ನಡ ಅಂದರೆ ಸಿನಿಮಾ ಹಾಡು ಒಂದೇ. ಆದ್ದರಿಂದ ಹಾಡಿನಲ್ಲಿ ಎಷ್ಟು ಕನ್ನಡ ಇದೆ ಎಂಬುದು ಬೆಂಗಳೂರಿನವರಿಗಿಂತ ನಮಗೆ ಹೆಚ್ಚು ಮುಖ್ಯ.

ನಮ್ಮ ಮೆಚ್ಚಿನವು

ಮೊದಲ ಸ್ಥಾನ ‘ಕಾಂತಾರ’ಕ್ಕೆ. ಇದರಲ್ಲಿ ನಮ್ಮ ನಡುವೆ ಭಿನ್ನಾಭಿಪ್ರಾಯ ಬರಲಿಲ್ಲ. ಅಜನೀಶ್ ಲೋಕನಾಥ್ ಸಂಗೀತದ ಈ ಚಿತ್ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಮಾತ್ರ ಬಿಡುಗಡೆಯಾಯಿತು. ತಮಿಳು ಅವತರಣಿಕೆ ಬಂದದ್ದು ಅಕ್ಟೋಬರ್ 15ಕ್ಕೆ. ಅಂದರೆ ಇದನ್ನು ಮೊದಲು ಒಂದು ಊರಿಗಾಗಿ, ಒಂದು ಭಾಷೆಗಾಗಿ ಮಾಡಿದರು. ಮಿಕ್ಕವರು ಆಮೇಲೆ ಕೇಳಿ ಪಡೆದರು. ಪ್ರಮೋದ್ ಮರವಂತೆ ಬರೆದ ‘ಸಿಂಗಾರ ಸಿರಿಯೆ’ಯನ್ನು ವಿಜಯ್ ಪ್ರಕಾಶ್ ಮತ್ತು ಅನನ್ಯಾ ಭಟ್ ಹಾಡಿದ್ದಾರೆ. ಆ ಹಾಡು ಬಂದ ಮೇಲೆ ನಮ್ಮ ಹೋಟೆಲ್ ಮನೆಗಳ ಹಿರಿಯರು ಮೊದಲ ಬಾರಿಗೆ ಸಂಘದ ಸಭೆಯಲ್ಲಿ ಮುಜುಗರವಿಲ್ಲದೆ ಕುಂದಾಪುರದ ಕನ್ನಡ ಮಾತಾಡಿದರು. ಅಷ್ಟು ದಿನ ಅವರು ನಮ್ಮೆದುರು ‘ಪುಸ್ತಕದ ಕನ್ನಡ’ ಹುಡುಕುತ್ತಿದ್ದರು. ನೇಕಾರ ಮನೆಯ ಅಜ್ಜಿಯೊಬ್ಬರು ಹಾಡು ಕೇಳಿ, “ಇವರೂ ನಮ್ಮಂಗೆ ಬೇರೆ ತರ ಮಾತಾಡ್ತಾರಲ್ಲ, ಆದರೂ ಸಿನಿಮಾದಾಗೆ ಹಾಕವ್ರೆ” ಅಂದರು. ಆ ಮಾತಿಗಿಂತ ದೊಡ್ಡ ವಿಮರ್ಶೆ ನಮಗೆ ಗೊತ್ತಿಲ್ಲ.

ಎರಡನೆಯದು ‘ಗಾಳಿಪಟ 2’. ಆಗಸ್ಟ್ 12ರಂದು ತೆರೆಕಂಡ ಯೋಗರಾಜ್ ಭಟ್ಟರ ಚಿತ್ರ, ಸಂಗೀತ ಅರ್ಜುನ್ ಜನ್ಯ ಅವರದು. ಜಯಂತ ಕಾಯ್ಕಿಣಿ ಬರೆದು ಸೋನು ನಿಗಮ್ ಹಾಡಿದ ‘ನಾನಾಡದ ಮಾತೆಲ್ಲವ’ ನಮಗೆ 2006ರ ‘ಮುಂಗಾರು ಮಳೆ’ಯ ದಿನಗಳನ್ನು ನೆನಪಿಸಿತು. ವಿ. ಹರಿಕೃಷ್ಣ ಸಂಗೀತ ನೀಡಿದ್ದ 2008ರ ಮೊದಲ ‘ಗಾಳಿಪಟ’ದ ಎತ್ತರಕ್ಕೆ ಇಡೀ ಆಲ್ಬಂ ಏರುವುದಿಲ್ಲ ಎಂಬುದನ್ನು ಒಪ್ಪುತ್ತೇವೆ. ಆದರೆ ಇಲ್ಲಿ ಮಾತು ಪೂರ್ತಿಯಾಗಿ ಕೇಳಿಸುತ್ತದೆ. ಪಲ್ಲವಿಯಲ್ಲಿ ಶುರುವಾದ ವಾಕ್ಯ ಚರಣದಲ್ಲಿ ಮುಂದುವರಿಯುತ್ತದೆ. ಕನ್ನಡ ಕಲಿಯುವ ಮಕ್ಕಳಿಗೆ ಬೇಕಾದದ್ದು ಇದೇ.

ಮೂರನೆಯದು ‘777 ಚಾರ್ಲಿ’. ಜೂನ್ 10ರಂದು ಬಂದ ಈ ಚಿತ್ರಕ್ಕೆ ನೊಬಿನ್ ಪಾಲ್ ಸಂಗೀತ ನೀಡಿದ್ದಾರೆ. ನಿರ್ದೇಶಕ ಕಿರಣ್‌ರಾಜ್ ಕಾಸರಗೋಡಿನವರು, ನಮ್ಮ ಹಾಗೆಯೇ ರಾಜ್ಯದ ಗೆರೆಯ ಆಚೆ ಇರುವ ಕನ್ನಡಿಗರು. ಚಿತ್ರ ಐದು ಭಾಷೆಗಳಲ್ಲಿ ಬಂದರೂ ಹಾಡು ಕಥೆಯನ್ನು ಬಿಟ್ಟು ಓಡುವುದಿಲ್ಲ. ನಾಯಿಯ ಕಾಟ ತಾಳಲಾರದ ಮನುಷ್ಯನ ಗೋಳಾಟವನ್ನು ಕೇಳಿ ಪುಟ್ಟ ಮಕ್ಕಳೂ ನಗುತ್ತಾರೆ.

‘ಜೇಮ್ಸ್’ ಆಲ್ಬಂ ಅನ್ನು ನಾವು ಯಾವ ಪಟ್ಟಿಗೂ ಸೇರಿಸಿಲ್ಲ. ಮಾರ್ಚ್ 17ರಂದು, ಅಪ್ಪು ಅವರ ಹುಟ್ಟುಹಬ್ಬದ ದಿನ, ಅವರಿಲ್ಲದೆ ಅವರ ಚಿತ್ರ ಬಂತು. ತಮ್ಮನ ಪಾತ್ರಕ್ಕೆ ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟಿದ್ದರು. ಚರಣ್ ರಾಜ್ ಅವರ ಆ ಹಾಡುಗಳನ್ನು ತಕ್ಕಡಿಯಲ್ಲಿಟ್ಟು ತೂಗಲು ನಮಗೆ ಮನಸ್ಸು ಬರಲಿಲ್ಲ.

ನಮಗೆ ಬೇಸರ ತಂದವು

ಇಲ್ಲಿ ಕೆಲವರಿಗೆ ಕೋಪ ಬರಬಹುದು. ನಮ್ಮ ದೊಡ್ಡ ನಿರಾಸೆ ‘ಕೆಜಿಎಫ್ ಚಾಪ್ಟರ್ 2’.

ಮೊದಲು ಅದರ ಉಪಕಾರವನ್ನು ಹೇಳಿಬಿಡೋಣ. ಏಪ್ರಿಲ್ 14ರಂದು ಬಂದ ಈ ಚಿತ್ರದ ಹಿಂದಿನ ದಿನವಷ್ಟೇ ವಿಜಯ್ ಅವರ ‘ಬೀಸ್ಟ್’ ಬಿಡುಗಡೆಯಾಗಿತ್ತು. ಅಂಥ ವಾರದಲ್ಲಿ ನಮ್ಮ ಊರಿನ ಚಿತ್ರಮಂದಿರಗಳ ಮುಂದೆ ಕನ್ನಡದ ಚಿತ್ರಕ್ಕೆ ಜನ ಸಾಲು ನಿಂತರು. ಶಾಲೆಯಲ್ಲಿ “ನೀನು ಕನ್ನಡವಾ?” ಅಂತ ಕೇಳಿದರೆ ತಲೆ ತಗ್ಗಿಸುತ್ತಿದ್ದ ಹುಡುಗರು ಆ ವಾರ ಎದೆ ಉಬ್ಬಿಸಿ ಓಡಾಡಿದರು. ಇದು ಸಣ್ಣ ಸಂಗತಿ ಅಲ್ಲ. ರವಿ ಬಸ್ರೂರು ಅವರ ಹಿನ್ನೆಲೆ ಸಂಗೀತದ ಶಕ್ತಿಯ ಬಗ್ಗೆಯೂ ನಮ್ಮ ತಕರಾರಿಲ್ಲ.

ತಕರಾರು ಆಲ್ಬಂ ಬಗ್ಗೆ. ಹಾಡುಗಳ ಹೆಸರನ್ನೇ ನೋಡಿ: ತೂಫಾನ್, ಸುಲ್ತಾನ, ಮೆಹಬೂಬಾ. ಯಾವ ಭಾಷೆಗೆ ಹೋದರೂ ಹೆಸರು ಬದಲಾಗಬೇಕಿಲ್ಲ. ಐದು ಭಾಷೆಗೆ ಒಂದೇ ದಿನ ಹೋಗಬೇಕಾದ ಹಾಡಿನಲ್ಲಿ ಮೊದಲು ತೆಳುವಾಗುವುದು ಮಾತು. ತಾಳ ಉಳಿಯುತ್ತದೆ, ಕೂಗು ಉಳಿಯುತ್ತದೆ. ಗಾದೆ, ಊರಿನ ಮಾತು, ಅಡುಗೆಮನೆಯ ಮಾತು ಉಳಿಯುವುದಿಲ್ಲ. ಮಕ್ಕಳು ‘ತೂಫಾನ್’ ಅನ್ನು ನೂರು ಸಲ ಕೇಳಿದರು. ನೂರು ಸಲ ಕೇಳಿ ಎಷ್ಟು ಹೊಸ ಕನ್ನಡ ಪದ ಕಲಿತರು ಅಂತ ತಾಲೀಮಿನಲ್ಲಿ ಕೇಳಿದೆವು. ಉತ್ತರ ಬರಲಿಲ್ಲ. ಸುಚೇತಾ ಬಸ್ರೂರು ಹಾಡಿದ ‘ಗಗನ ನೀ’ ಇದಕ್ಕೆ ಅಪವಾದ. ತಾಯಿಯ ಹಾಡಾದ್ದರಿಂದಲೋ ಏನೋ, ಅದರಲ್ಲಿ ಮಾತಿಗೆ ಜಾಗ ಇದೆ. ಆ ಹುಡುಗಿ ಆರಿಸಿಕೊಂಡದ್ದೂ ಅದನ್ನೇ ಎಂಬುದನ್ನು ಗಮನಿಸಬೇಕು.

ಜುಲೈ 28ರ ‘ವಿಕ್ರಾಂತ್ ರೋಣ’ ಅರ್ಧ ನಿರಾಸೆ. ‘ರಾ ರಾ ರಕ್ಕಮ್ಮ’ ನಮ್ಮ ಮದುವೆ ಮನೆಗಳಲ್ಲೂ ಕುಣಿಸಿತು. ಆದರೆ ಕರೆಯುವ ‘ರಾ ರಾ’ ತೆಲುಗು, ಹಾಡಿದವರು ನಕಾಶ್ ಅಜೀಜ್ ಮತ್ತು ಸುನಿಧಿ ಚೌಹಾಣ್. ಹೊರಗಿನವರು ಹಾಡಬಾರದು ಅಂತ ನಾವು ಹೇಳುತ್ತಿಲ್ಲ. ಸೋನು ನಿಗಮ್ ಅವರನ್ನು ಈಗಷ್ಟೇ ಹೊಗಳಿದ್ದೇವೆ. ಒಂದು ಕುಣಿತದ ಹಾಡಿನ ಅಬ್ಬರದಲ್ಲಿ ಅದೇ ಆಲ್ಬಂನ ಜೋಗುಳ ಯಾರ ಕಿವಿಗೂ ಬೀಳದೆ ಹೋಯಿತು ಎಂಬುದಷ್ಟೇ ನಮ್ಮ ದುಃಖ.

ಮೂರನೆಯ ನಿರಾಸೆಗೆ ಹೆಸರೇ ಇಲ್ಲ, ಯಾಕೆಂದರೆ ಆ ಆಲ್ಬಂ ನಮಗೆ ಸಿಗಲೇ ಇಲ್ಲ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಅದು. ಊರಿಗೆ ಹೋದವರು ಉಪ್ಪಿನಕಾಯಿ ಜಾಡಿಯ ಜೊತೆ ಅಂಥ ಕ್ಯಾಸೆಟ್ಟುಗಳನ್ನೂ ತರುತ್ತಿದ್ದರು. ಒಂದು ಬದಿ ಮುಗಿದರೆ ತಿರುಗಿಸಿ ಹಾಕುವುದು, ಇಡೀ ಮನೆ ಕೇಳುವುದು. ಈಗ ಆಲ್ಬಂ ಅಂದರೆ ಸಿನಿಮಾದ ಲಿರಿಕಲ್ ವಿಡಿಯೋ, ಅದೂ ತಿಂಗಳಿಗೊಂದು. ಈ ವರ್ಷ ಒಂದೇ ಒಂದು ಹೊಸ ಸುಗಮ ಸಂಗೀತದ ಆಲ್ಬಂ ನಮ್ಮ ಮನೆಗಳನ್ನು ತಲುಪಲಿಲ್ಲ. ಆಗಸ್ಟ್ 11ರಂದು ಶಿವಮೊಗ್ಗ ಸುಬ್ಬಣ್ಣ ತೀರಿಕೊಂಡರು. ‘ಕಾಡು ಕುದುರೆ’ಯ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದು, ಆ ಗೌರವ ಗಳಿಸಿದ ಮೊದಲ ಕನ್ನಡ ಗಾಯಕರಾದವರು. ಸಂತಾಪ ಸಭೆಯಲ್ಲಿ ಅವರ ಹಾಡು ಹಾಕಲು ಹೋದಾಗ ಗೊತ್ತಾಯಿತು, ನಮ್ಮ ಮಕ್ಕಳಲ್ಲಿ ಒಬ್ಬರಿಗೂ ಅವರ ಹೆಸರು ತಿಳಿದಿರಲಿಲ್ಲ. ಆ ತಪ್ಪು ನಮ್ಮದು.

ವಾಳಯಾರ್ ಆಚೆಯ ವ್ಯಾಜ್ಯ

‘ಕಾಂತಾರ’ವನ್ನು ಮೆಚ್ಚಿದ ಮೇಲೆ ‘ವರಾಹ ರೂಪಂ’ ವಿವಾದದ ಬಗ್ಗೆ ಸುಮ್ಮನಿರುವುದು ಸರಿಯಲ್ಲ. ಶಶಿರಾಜ್ ಕಾವೂರು ಬರೆದು ಸಾಯಿ ವಿಘ್ನೇಶ್ ಹಾಡಿದ ಈ ಹಾಡು ತಮ್ಮ ‘ನವರಸಂ’ ಹಾಡಿನ ನಕಲು ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಆರೋಪಿಸಿತು. ಕೋಝಿಕ್ಕೋಡ್ ಮತ್ತು ನಮಗೆ ನೆರೆಯ ಪಾಲಕ್ಕಾಡಿನ ನ್ಯಾಯಾಲಯಗಳು ತಡೆ ನೀಡಿದವು. ನವೆಂಬರ್ 24ರಂದು ಚಿತ್ರ ಪ್ರೈಮ್‌ನಲ್ಲಿ ಬಂದಾಗ ಅದೇ ಸಾಹಿತ್ಯಕ್ಕೆ ಬೇರೆ ಸಂಗೀತ ಇತ್ತು. ಆಮೇಲೆ ಮೂಲ ಹಾಡು ಮರಳಿತು. ರಾಗಗಳು ಒಂದೇ ಆದ್ದರಿಂದ ಹೋಲಿಕೆ ಕಾಣುತ್ತದೆ, ನಕಲು ಮಾಡಿಲ್ಲ ಎಂಬುದು ಸಂಗೀತ ನಿರ್ದೇಶಕರ ವಾದ. 2022ರ ಕೊನೆಗೆ ವ್ಯಾಜ್ಯ ಮುಗಿದಿರಲಿಲ್ಲ, ತೀರ್ಪು ಹೇಳುವವರು ನಾವಲ್ಲ.

ಒಂದು ಮಾತು ಮಾತ್ರ. ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಇದು ಕನ್ನಡ–ಮಲಯಾಳ ಜಗಳದ ರೂಪ ಪಡೆಯಿತು. ಅದು ಬೇಡ. ಎರಡು ಹಾಡನ್ನೂ ಕೇಳಿದ ನಮ್ಮಲ್ಲಿ ಕೆಲವರಿಗೆ ಹೋಲಿಕೆ ಬಲವಾಗಿಯೇ ಕೇಳಿಸಿತು, ಇನ್ನು ಕೆಲವರಿಗೆ ಅಷ್ಟಾಗಿ ಕೇಳಿಸಲಿಲ್ಲ. ಹೋಲಿಕೆ ಕೇಳಿಸಿತು ಅಂದವರು ಕನ್ನಡದ್ರೋಹಿಗಳಲ್ಲ. ಹಕ್ಕು ಯಾರದೆಂದು ಕೇಳುವುದು ಕಲಾವಿದನಿಗೆ ಸಲ್ಲಬೇಕಾದ ನ್ಯಾಯ, ನಾಳೆ ಅದು ನಮ್ಮ ಕಲಾವಿದನಿಗೂ ಬೇಕಾಗುತ್ತದೆ.

ಮುಂದೇನು?

ಈ ಪಟ್ಟಿಯಿಂದ ನಮಗೆ ತಿಳಿದದ್ದು ಇಷ್ಟು. ಎಲ್ಲರಿಗೂ ಅಂತ ಮಾಡಿದ ಹಾಡು ನಮ್ಮ ಮಕ್ಕಳಿಗೆ ಹೆಮ್ಮೆ ಕೊಟ್ಟಿತು, ಮಾತು ಕೊಡಲಿಲ್ಲ. ಒಂದು ಊರಿಗೆ ಅಂತ ಮಾಡಿದ ಹಾಡು ಮಾತು ಕೊಟ್ಟಿತು, ಆಮೇಲೆ ಹೆಮ್ಮೆಯನ್ನೂ ಕೊಟ್ಟಿತು. ಎರಡೂ ಬೇಕು. ಆದರೆ ಹೆಮ್ಮೆ ತರುವ ಕೆಲಸವನ್ನು ದೊಡ್ಡ ನಿರ್ಮಾಪಕರು ಮಾಡಿಕೊಳ್ಳುತ್ತಾರೆ. ಮಾತು ಉಳಿಸುವ ಕೆಲಸಕ್ಕೆ ಇಲ್ಲಿ ನಮ್ಮನ್ನು ಬಿಟ್ಟರೆ ಬೇರೆ ಯಾರೂ ಇಲ್ಲ.

ಕರ್ನಾಟಕ ಸರ್ಕಾರ ಸೆಪ್ಟೆಂಬರ್‌ನಲ್ಲಿ ನಾಡಗೀತೆಗೆ ಅನಂತಸ್ವಾಮಿಯವರ ಧಾಟಿಯನ್ನು, ಎರಡೂವರೆ ನಿಮಿಷದ ಅವಧಿಯನ್ನು ಗೊತ್ತುಮಾಡಿತು. ಅಕ್ಟೋಬರ್ 28ರಂದು ಕೋಟಿ ಕಂಠ ಗಾಯನವೂ ನಡೆಯಿತು. ಒಳ್ಳೆಯದೇ. ಆದರೆ ಅಕ್ಷರ ಬಾರದ ಕಂಠ ಎಷ್ಟು ದಿನ ಹಾಡೀತು?

ಆದ್ದರಿಂದ ಹೊಸ ವರ್ಷದಿಂದ ತಿಂಗಳಿಗೆ ಒಂದು ಭಾನುವಾರ ಹಾಡಿನ ಕೂಟ ಇಡಲು ತೀರ್ಮಾನಿಸಿದ್ದೇವೆ. ಪ್ರತಿ ಸಲ ಎರಡು ಹಾಡು: ಒಂದು ಮಕ್ಕಳು ಆರಿಸಿದ್ದು, ಒಂದು ಹಿರಿಯರು ಆರಿಸಿದ್ದು. ಸಾಹಿತ್ಯದ ಹಾಳೆಯಲ್ಲಿ ಮೇಲೆ ದೊಡ್ಡ ಕನ್ನಡ ಅಕ್ಷರ, ಕೆಳಗೆ ತಮಿಳು ಲಿಪಿ ಇರುತ್ತದೆ. ತಮಿಳು ಲಿಪಿ ಯಾಕೆ ಅಂತ ಸಭೆಯಲ್ಲಿ ಕೆಲವರು ಆಕ್ಷೇಪಿಸಿದರು. ಮಕ್ಕಳಿಗೆ ಈಗ ಗೊತ್ತಿರುವ ಮೆಟ್ಟಿಲು ಅದು, ಅದರ ಮೇಲೆ ನಿಂತೇ ಮುಂದಿನ ಮೆಟ್ಟಿಲು ಹತ್ತಬೇಕು. ಆರು ತಿಂಗಳ ನಂತರ ಕೆಳಗಿನ ಸಾಲನ್ನು ತೆಗೆಯುತ್ತೇವೆ.

ಮೊದಲ ಕೂಟ ಸಂಕ್ರಾಂತಿ ರಜೆಯಲ್ಲಿ. ಮಕ್ಕಳ ಆಯ್ಕೆ ‘ಗಗನ ನೀ’. ಹಿರಿಯರ ಆಯ್ಕೆಯನ್ನು ನೀವು ತಿಳಿಸಬೇಕು. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಕ್ಯಾಸೆಟ್ ಇದ್ದರೆ ದಯವಿಟ್ಟು ತನ್ನಿ. ಅದನ್ನು ನುಡಿಸುವ ಟೇಪ್ ರೆಕಾರ್ಡರ್ ಇದ್ದವರು ಇನ್ನೂ ಮೊದಲೇ ಬನ್ನಿ.