ಪರದೆಯಿಲ್ಲದ ಕ್ಯಾಮೆರಾ

ಮನೆಯಲ್ಲಿ ನಾಮಕರಣವೋ ಮದುವೆಯೋ ನಡೆದಾಗ ಕಾಣುವ ಒಂದು ದೃಶ್ಯ ಇಂದು ಎಲ್ಲರಿಗೂ ಪರಿಚಿತವಾದುದು. ಅಜ್ಜಿಯ ಸುತ್ತ ಮೊಮ್ಮಕ್ಕಳು ನಿಲ್ಲುತ್ತಾರೆ. ಒಬ್ಬರು ಚಿತ್ರ ತೆಗೆಯುತ್ತಾರೆ. ಮರುಕ್ಷಣವೇ ಮಕ್ಕಳೆಲ್ಲರೂ ಅಜ್ಜಿಯನ್ನು ಬಿಟ್ಟು ಕ್ಯಾಮೆರಾದ ಪರದೆಯನ್ನು ಮುತ್ತುತ್ತಾರೆ. ಒಬ್ಬನ ಕಣ್ಣು ಮುಚ್ಚಿದೆ. ಇನ್ನೊಬ್ಬಳ ತಲೆಗೂದಲು ಕೆದರಿದೆ. ಆ ಚಿತ್ರವನ್ನು ಅಳಿಸಿ ಮತ್ತೊಂದನ್ನು ತೆಗೆಯುತ್ತಾರೆ, ಅದನ್ನೂ ಅಳಿಸಿ ಮಗದೊಂದನ್ನು ತೆಗೆಯುತ್ತಾರೆ. ಕೊನೆಗೆ ಎಲ್ಲರೂ ಒಪ್ಪುವ ಚಿತ್ರ ದೊರೆಯುವ ವೇಳೆಗೆ ಅಜ್ಜಿಯ ಮುಖದಲ್ಲಿ ನಗೆ ಮಾಸಿ ದಣಿವು ಮೂಡಿರುತ್ತದೆ. ಆಕೆಯ ನಿಜವಾದ ನಗೆ ಮೊದಲ ಚಿತ್ರದಲ್ಲಿತ್ತು, ಅದು ಅಳಿದುಹೋಯಿತು.

ಇಂಥ ಕಾಲದಲ್ಲಿ ಪರದೆಯೇ ಇಲ್ಲದ ಡಿಜಿಟಲ್ ಕ್ಯಾಮೆರಾವನ್ನು ಕೆಲವರು ಬಯಸಿ ಕೊಳ್ಳುತ್ತಿದ್ದಾರೆ ಎಂದರೆ ಆಶ್ಚರ್ಯವಾಗಬಹುದು. ಜರ್ಮನಿಯ ಲೈಕಾ ಸಂಸ್ಥೆಯು 2014ರಲ್ಲಿ ಅಂಥ ಕ್ಯಾಮೆರಾವನ್ನು ಕೇವಲ 600ರ ಸಂಖ್ಯೆಯಲ್ಲಿ ಹೊರತಂದಿತು. 2016ರಲ್ಲಿ ಅದೇ ಮಾದರಿಯ 'ಎಂ-ಡಿ' ಎಂಬ ಕ್ಯಾಮೆರಾ ಬಂದಿತು. ಅದರ ಬೆನ್ನಿನಲ್ಲಿ ಪರದೆಯಿರಬೇಕಾದ ಜಾಗದಲ್ಲಿ, ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮವಾಗಿ ಸ್ಪಂದಿಸಬೇಕೆಂಬುದನ್ನು ನಿಗದಿಪಡಿಸುವ ದುಂಡನೆಯ ತಿರುಗುಗುಂಡಿ ಮಾತ್ರ ಇದೆ. 2018ರಲ್ಲಿಯೂ 2024ರಲ್ಲಿಯೂ ಅದರ ಹೊಸ ರೂಪಗಳು ಬಂದವು. ಇವೆಲ್ಲ ಬಹು ದುಬಾರಿಯಾದವು. ಆದರೆ 'ಕ್ಯಾಂಪ್ ಸ್ನ್ಯಾಪ್' ಎಂಬ ಅಗ್ಗದ ಕ್ಯಾಮೆರಾದಲ್ಲಿಯೂ ಇದೇ ಕ್ರಮವನ್ನು ಅನುಸರಿಸಲಾಗಿದೆ. ತೆಗೆದ ಚಿತ್ರಗಳು ಎಷ್ಟೆಂಬುದನ್ನು ಮಾತ್ರ ಅದು ತೋರಿಸುತ್ತದೆ. ಚಿತ್ರಗಳನ್ನು ನೋಡಬೇಕಾದರೆ ಅದನ್ನು ಕಂಪ್ಯೂಟರಿಗೆ ಜೋಡಿಸಬೇಕು.

ಈ ಬಯಕೆಯ ಕಾರಣವನ್ನು ತಿಳಿಯಲು ಕ್ಯಾಮೆರಾ ನಡೆದುಬಂದ ದಾರಿಯನ್ನು ಸ್ವಲ್ಪ ಅವಲೋಕಿಸಬೇಕು. ಫಿಲಂ ಬಳಕೆಯಲ್ಲಿದ್ದ ದಿನಗಳಲ್ಲಿ ಸಾಮಾನ್ಯವಾದ ಒಂದು ಸುರುಳಿಯಲ್ಲಿ 36 ಚಿತ್ರಗಳನ್ನು ತೆಗೆಯಬಹುದಾಗಿತ್ತು. ಸುರುಳಿ ಮುಗಿದು, ಅದನ್ನು ತೊಳೆದು, ಕಾಗದದ ಮೇಲೆ ಮುದ್ರಿಸುವವರೆಗೆ ಚಿತ್ರ ಹೇಗೆ ಬಂದಿದೆಯೆಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. 1975ರಲ್ಲಿ ಅಮೆರಿಕದ ಕೊಡಾಕ್ ಸಂಸ್ಥೆಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಫಿಲಂ ಇಲ್ಲದೆ ಚಿತ್ರ ತೆಗೆಯುವ ಯಂತ್ರವೊಂದನ್ನು ನಿರ್ಮಿಸಿದರು. ಒಂದು ಚಿತ್ರವನ್ನು ಕ್ಯಾಸೆಟ್ ಪಟ್ಟಿಯ ಮೇಲೆ ದಾಖಲಿಸಲು ಅದಕ್ಕೆ 23 ಸೆಕೆಂಡುಗಳು ಬೇಕಾಗಿದ್ದವು. 1995ರಲ್ಲಿ ಜಪಾನಿನ ಕ್ಯಾಸಿಯೊ ಸಂಸ್ಥೆಯು ಬೆನ್ನಿನಲ್ಲಿ ಪುಟ್ಟ ಪರದೆಯುಳ್ಳ ಕ್ಯಾಮೆರಾವನ್ನು ಜನಸಾಮಾನ್ಯರ ಕೈಗೆ ನೀಡಿತು. ಮುಂದೆ ಡಿಜಿಟಲ್ ಕ್ಯಾಮೆರಾವೆಂದರೆ ಪರದೆಯಿರಲೇಬೇಕೆಂಬ ರೂಢಿ ಬೆಳೆಯಿತು.

ಪರದೆಯಿಂದಾದ ಉಪಕಾರ ಅಲ್ಪವಲ್ಲ. ಹೊಸದಾಗಿ ಕಲಿಯುವವನು ತನ್ನ ತಪ್ಪನ್ನು ಕೂಡಲೇ ಕಂಡು ತಿದ್ದಿಕೊಳ್ಳಬಲ್ಲನು. ಮರುಕಳಿಸದ ಘಟನೆಯನ್ನು ಸೆರೆಹಿಡಿಯಬೇಕಾದ ಪತ್ರಕರ್ತನಿಗೆ ಅದು ಧೈರ್ಯ ಕೊಡುತ್ತದೆ. ಇಂಥವರಿಗೆ ಪರದೆಯನ್ನು ಬಿಡಿರೆಂದು ಹೇಳುವುದು ಅವಿವೇಕ. ಆದರೆ ಉಪಕಾರದ ಜೊತೆಯಲ್ಲಿಯೇ ಒಂದು ನಷ್ಟವೂ ಬಂದಿತು. ಚಿತ್ರ ತೆಗೆಯುವವನು ನೋಡಬೇಕಾದವನು; ಪರದೆ ಅವನನ್ನು ಆ ಕ್ಷಣದಲ್ಲಿಯೇ ತೀರ್ಪುಗಾರನನ್ನಾಗಿ ಮಾಡಿತು. ನೋಡುವುದಕ್ಕೆ ಏಕಾಗ್ರತೆ ಬೇಕು. ತೀರ್ಪು ಕೊಡುವುದಕ್ಕೆ ಕಾಲಾವಕಾಶ ಬೇಕು. ಎರಡನ್ನೂ ಒಂದೇ ಕ್ಷಣದಲ್ಲಿ ಮಾಡಹೊರಟವನಿಗೆ ಎರಡೂ ಸರಿಯಾಗಿ ಸಾಧಿಸುವುದಿಲ್ಲ. ಅವನು ಪರದೆಯನ್ನು ನೋಡುತ್ತಿರುವಾಗ ಎದುರಿನಲ್ಲಿ ಮಗು ನಕ್ಕಿರುತ್ತದೆ, ಹಕ್ಕಿ ಹಾರಿರುತ್ತದೆ.

ಮೈಸೂರಿನ ಟಿ. ಎಸ್. ಸತ್ಯನ್ (1923–2009) ಫಿಲಂ ಕ್ಯಾಮೆರಾವನ್ನು ಹಿಡಿದು ಸಾಮಾನ್ಯ ಜನರ ಬದುಕನ್ನು ಚಿತ್ರಿಸಿದ ಹಿರಿಯ ಛಾಯಾಗ್ರಾಹಕರು. ಅವರು ತೆಗೆದ ಮಕ್ಕಳ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನಲ್ಲಿರುವ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಆ ಕಾಲದ ಛಾಯಾಗ್ರಾಹಕರು ಗುಂಡಿ ಒತ್ತಿದ ಮೇಲೆಯೂ ಎದುರಿನ ಮುಖವನ್ನೇ ನೋಡುತ್ತಿದ್ದರು. ನೋಡಲು ಬೇರೇನೂ ಇರಲಿಲ್ಲ. ಪರದೆಯಿಲ್ಲದ ಡಿಜಿಟಲ್ ಕ್ಯಾಮೆರಾ ಹಿಂದಿರುಗಿಸಿಕೊಡುವುದು ಆ ನೋಟವನ್ನೇ. ಅದು ಫಿಲಮಿನ ವೆಚ್ಚವನ್ನು ಉಳಿಸಿ, ಫಿಲಮಿನ ಕಾಲದ ತಾಳ್ಮೆಯನ್ನು ಉಳಿಸಿಕೊಳ್ಳಲು ಮಾಡಿದ ಪ್ರಯತ್ನ.

ಅದರಿಂದ ಇನ್ನೊಂದು ಲಾಭವೂ ಉಂಟು. ಅಂಥ ಕ್ಯಾಮೆರಾದಲ್ಲಿ ಚಿತ್ರವನ್ನು ನಿಂತಲ್ಲಿಯೇ ಅಳಿಸಲಾಗದು. ಇಂದು ಕೆಟ್ಟದೆಂದು ತೋರುವ ಚಿತ್ರ ಹತ್ತು ವರ್ಷಗಳ ಅನಂತರ ಬೇರೆಯೇ ಆಗಿ ಕಾಣುತ್ತದೆ. ಕೆದರಿದ ತಲೆಗೂದಲಿನ ಹುಡುಗಿ ಬೆಳೆದು ದೂರದ ಊರಿಗೆ ಹೋಗಿರಬಹುದು, ಅಜ್ಜಿಯೇ ಇಲ್ಲದಿರಬಹುದು. ಆಗ ಮನೆಯವರು ಹುಡುಕುವುದು ಒಪ್ಪವಾದ ಚಿತ್ರವನ್ನಲ್ಲ, ಆಕೆ ಮನಬಿಚ್ಚಿ ನಕ್ಕ ಚಿತ್ರವನ್ನು. ಒಂದು ಚಿತ್ರದ ಬೆಲೆಯನ್ನು ಅದನ್ನು ತೆಗೆದ ಗಳಿಗೆಯಲ್ಲಿಯೇ ಕಟ್ಟುವುದು ಬಿತ್ತಿದ ದಿನವೇ ಫಸಲನ್ನು ಅಳೆದಂತೆ.

ಲಕ್ಷಗಟ್ಟಲೆ ಹಣ ತೆತ್ತು ಪರದೆಯಿಲ್ಲದ ಕ್ಯಾಮೆರಾವನ್ನು ಕೊಳ್ಳುವುದು ಸಿರಿವಂತರ ಶೋಕಿಯೆಂದು ಆಕ್ಷೇಪಿಸುವವರಿದ್ದಾರೆ. ಆ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಇಲ್ಲದಿರುವುದಕ್ಕಾಗಿ ಹೆಚ್ಚು ಬೆಲೆ ಕೊಡುವುದು ವಿಪರ್ಯಾಸವೇ ಸರಿ. ಆದರೆ ಆ ಕ್ಯಾಮೆರಾ ಕಲಿಸುವ ಪಾಠಕ್ಕೆ ಬೆಲೆ ಕೊಡಬೇಕಾಗಿಲ್ಲ. ಕೈಯಲ್ಲಿರುವ ಯಾವ ಉಪಕರಣದಿಂದಲೇ ಆಗಲಿ, ಚಿತ್ರ ತೆಗೆದು, ನೋಡದೆ ಅದನ್ನು ಕೆಳಗಿಳಿಸಿ, ಎದುರಿಗಿರುವವರೊಡನೆ ಮಾತು ಮುಂದುವರಿಸುವುದು ಯಾರಿಗೂ ಸಾಧ್ಯ. ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು ಎಂಬ ವಿಚಾರ ಮರುದಿನದವರೆಗೆ ಕಾದೀತು. ಅಜ್ಜಿಯ ನಗೆ ಕಾಯುವುದಿಲ್ಲ.