ಬರೀ ಫೋಟೊ ತೆಗೆಯುವ ಡಾಕ್ಟರು

"ರೇಡಿಯಾಲಜಿ ತಗೊಂಡಳಾ? ಒಳ್ಳೇದಾಯ್ತು ಬಿಡಿ. ಹೆಣ್ಣುಮಕ್ಕಳಿಗೆ ಆರಾಮ. ರಾತ್ರಿ ಡ್ಯೂಟಿ ಇಲ್ಲ, ರಕ್ತ ನೋಡೋ ಹಾಗಿಲ್ಲ, ಬರೀ ಫೋಟೊ ತೆಗೆಯೋದು."

ಮದುವೆಮನೆಯಲ್ಲಿ ನನ್ನ ತಂಗಿಯ ಮಗಳ ಬಗ್ಗೆ ಹಿರಿಯರೊಬ್ಬರು ಹೀಗೆಂದಾಗ, ಹತ್ತು ಜನರ ಎದುರು ಜಗಳ ಬೇಡವೆಂದು ಸುಮ್ಮನಾದೆ. ಅಂದು ನುಂಗಿಕೊಂಡದ್ದು ಇನ್ನೂ ಗಂಟಲಲ್ಲೇ ಇದೆ.

ಫೋಟೊ ತೆಗೆಯುವವರು ಟೆಕ್ನೀಷಿಯನ್ನರು, ಸ್ವಾಮಿ. ಅವರದೂ ಸಣ್ಣ ಕೆಲಸವಲ್ಲ. ರೇಡಿಯಾಲಜಿಸ್ಟ್ ಅದನ್ನು ಓದುವವಳು. ಐದೂವರೆ ವರ್ಷ ಎಂ.ಬಿ.ಬಿ.ಎಸ್., ಮೇಲೆ ಮೂರು ವರ್ಷ ಎಂ.ಡಿ. ನಮ್ಮ ಹುಡುಗಿಯ ಹಾಗೆ ಮೂಳೆ, ಕೀಲು, ಸ್ನಾಯುಗಳ ಚಿತ್ರಗಳನ್ನೇ ಹಿಡಿದು ಹೊರಟರೆ ಅದರಾಚೆಗೂ ಕಲಿಕೆ. ರಾತ್ರಿ ಡ್ಯೂಟಿ ಇಲ್ಲವಂತೆ! ಸ್ಕೂಟರಿನಿಂದ ಬೀಳುವವರು ಹೊತ್ತು ನೋಡಿಕೊಂಡು ಬೀಳುತ್ತಾರೆಯೇ?

ನನಗೇಕೆ ಇಷ್ಟು ಸಿಟ್ಟು ಎಂದರೆ, ಅದಕ್ಕೆ ಅಮ್ಮನ ಕೈ ಕಾರಣ. ಬೆಳಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ; ಬಟ್ಟೆ ಹಿಂಡಲು ಹತ್ತು ಗಂಟೆಯಾಗಬೇಕು. "ವಯಸ್ಸಾಯ್ತಲ್ಲ" ಎಂದರು ಒಬ್ಬ ಡಾಕ್ಟರು. "ಮುಟ್ಟು ನಿಂತ ಮೇಲೆ ಇದೆಲ್ಲ ಇದ್ದದ್ದೇ" ಎಂದರು ಇನ್ನೊಬ್ಬರು. ಎಕ್ಸ್‌ರೇ ಕೂಡ ಆಯಿತು. ಅದನ್ನು ಕಿಟಕಿಗೆ ಹಿಡಿದು, "ಏನೂ ಮುರಿದಿಲ್ಲ" ಎಂದು ಕೈಗೆ ಕೊಟ್ಟರು. ಮೂರು ವರ್ಷ ಹೀಗೇ ಕಳೆಯಿತು.

1998ರಲ್ಲಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಯೊಂದಕ್ಕೆ ಹೋದೆವು. ಕತ್ತಲೆಕೋಣೆಯಲ್ಲಿ ಪಾಠ ಹೇಳುತ್ತಿದ್ದ ಅಧ್ಯಾಪಕಿ ಅಮ್ಮನ ಹಳೆಯ ಫಿಲ್ಮನ್ನೂ ಹೊಸದನ್ನೂ ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ವಿದ್ಯಾರ್ಥಿಗಳನ್ನು ಹತ್ತಿರ ಕರೆದರು. ವಯಸ್ಸಿನ ಸವೆತ ಹೆಚ್ಚಾಗಿ ಬೆರಳ ತುದಿಯ ಗೆಣ್ಣಿಗೆ, ಹೆಬ್ಬೆರಳ ಬುಡಕ್ಕೆ ಬರುತ್ತದೆ. ಇಲ್ಲಿ ಬೆರಳುಗಳ ಬುಡ, ಮಣಿಕಟ್ಟು ನೋಡಿ, ಎಂದರು. ನೋಡಿದೆ. ಅಂಚುಗಳೆಲ್ಲ ಹುಳು ತಿಂದ ಹಾಳೆಯಂತೆ ಕಚ್ಚುಕಚ್ಚಾಗಿದ್ದವು. ಹಳೆಯ ಫಿಲ್ಮಿನಲ್ಲೂ ಅದರ ಗುರುತು ಇತ್ತು! ರುಮಟಾಯ್ಡ್ ಆರ್ತ್ರೈಟಿಸ್. ಗಂಡಸರಿಗಿಂತ ಎರಡು ಮೂರು ಪಟ್ಟು ಹೆಂಗಸರನ್ನೇ ಹಿಡಿಯುವ ಕಾಯಿಲೆ. ಔಷಧ ಶುರುವಾಯಿತು, ನೋವು ಇಳಿಯಿತು. ಅಷ್ಟರಲ್ಲಿ ಸೊಟ್ಟಗಾಗಿದ್ದ ಬೆರಳು ಮತ್ತೆ ನೆಟ್ಟಗಾಗಲಿಲ್ಲ.

ಅಮ್ಮನ ಕೃತಜ್ಞತೆಯೆಲ್ಲ ಮಾತ್ರೆ ಬರೆದ ಡಾಕ್ಟರಿಗೆ ಸಂದಿತು. ಅವರ ಮನೆಗೆ ಮಾವಿನಹಣ್ಣೂ ಹೋಯಿತು. ಓದಿ ಹೇಳಿದಾಕೆಗೆ ರಿಪೋರ್ಟಿನ ಕೆಳಗೊಂದು ಸಹಿ, ಅಷ್ಟೆ. ನಾನೂ ಹೋಗಿ ಒಂದು ಮಾತು ಹೇಳಿ ಬರಲಿಲ್ಲ, ಸುಳ್ಳೇಕೆ?

1895ರ ಡಿಸೆಂಬರಿನಲ್ಲಿ ಜರ್ಮನಿಯ ರಾಂಟ್‌ಜೆನ್ ತೆಗೆದ ಆ ಪ್ರಸಿದ್ಧ ಚಿತ್ರ ಅವನ ಹೆಂಡತಿಯ ಕೈಯದು, ಉಂಗುರ ಸಮೇತ. ಹೆಣ್ಣಿನ ಕೈ ಚಿತ್ರಕ್ಕೆ ಆಗುತ್ತದೆ, ಚಿತ್ರ ಓದುವ ಹೆಣ್ಣು ಮಾತ್ರ "ಆರಾಮ" ಹುಡುಕಿಕೊಂಡು ಬಂದವಳೋ? ಅಮೆರಿಕದ ಆ್ಯನ್ ಬ್ರೋವರ್ 1988ರಲ್ಲೇ ಕೀಲುರೋಗಗಳ ಎಕ್ಸ್‌ರೇ ಓದುವುದು ಹೇಗೆಂದು 'ಆರ್ತ್ರೈಟಿಸ್ ಇನ್ ಬ್ಲ್ಯಾಕ್ ಅಂಡ್ ವೈಟ್' ಬರೆದರು. ಮೊದಲು ಕೈ, ಕಾಲು, ಮಂಡಿ, ಆಮೇಲೆ ರೋಗಗಳು. ಎಷ್ಟು ಸರಿ! ನಾವು ಡಾಕ್ಟರ ಹತ್ತಿರ ಕೈನೋವು ಎಂದು ಹೋಗುತ್ತೇವೆಯೇ ಹೊರತು ರೋಗದ ಹೆಸರು ಹಿಡಿದು ಹೋಗುವುದಿಲ್ಲವಲ್ಲ.

ನಮ್ಮ ಹುಡುಗಿ ಕಾಲೇಜಿನಲ್ಲೇ ಉಳಿದು ಪಾಠ ಮಾಡುತ್ತಾಳಂತೆ. "ಹುಚ್ಚಾ? ಸ್ಕ್ಯಾನ್ ಸೆಂಟರ್ ಹಾಕಿದರೆ ಎಷ್ಟು ದುಡ್ಡು!" ಎನ್ನುವವರೂ ಅದೇ ಹಿರಿಯರೇ. ಎಲ್ಲರೂ ಸೆಂಟರ್ ಹಾಕಿ ಕೂತರೆ, ಮುಂದಿನವರಿಗೆ ಓದಲು ಕಲಿಸುವವರಾರು?

ಹೋದ ತಿಂಗಳು ಅವಳು ಬಂದವಳೇ ಅಜ್ಜಿಯ ಹಳೆಯ ಫಿಲ್ಮುಗಳನ್ನು ಕೇಳಿದಳು, ತರಗತಿಯಲ್ಲಿ ತೋರಿಸಬೇಕಂತೆ. ಅಮ್ಮ ಬೀರುವಿನ ತಳದಿಂದ ತೆಗೆದು, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟು, "ಜೋಪಾನ, ವಾಪಸ್ ತಂದುಕೊಡು" ಎಂದಳು.